ಅಪ್‌ಡೇಟ್ ಮಾಡಿದರೂ ವಿಮ್‌ನ ಭದ್ರತಾ ದೋಷ ಹೋಗಿಲ್ಲವೇ? ಉಬುಂಟುವಿನಲ್ಲಿ ಪತ್ತೆ ಹಚ್ಚುವ ಬಗೆ

ಉಬುಂಟು ಲಿನಕ್ಸ್‌ನಲ್ಲಿ ತಂತ್ರಾಂಶ ಹಾಕುವ, ಹೊಸದಾಗಿಸುವ ಸಾಧನ ಆಪ್ಟ್. ‘ಸುಡೊ ಆಪ್ಟ್ ಅಪ್‌ಡೇಟ್’ ಆಯಿತು, ‘ಸುಡೊ ಆಪ್ಟ್ ಅಪ್‌ಗ್ರೇಡ್’ ಕೂಡ ಆಯಿತು, ಎಲ್ಲೂ ಎರರ್ ಬರಲಿಲ್ಲ. ಆದರೆ ಮಾರನೆಯ ದಿನ ಭದ್ರತಾ ದೋಷ ಹುಡುಕುವ ಸ್ಕ್ಯಾನರ್‌ನ ವರದಿಯಲ್ಲಿ ವಿಮ್ ಎಂಬ ಪಠ್ಯ ಎಡಿಟರ್‌ನ ಹೆಸರು ಹಾಗೇ ಕೂತಿದೆ. ಹೀಗಾದಾಗ ಎರಡರಲ್ಲಿ ಒಂದು ನಿಜ: ದೋಷ ಸರಿಯಾಗಿದ್ದು ವರದಿ ತಪ್ಪಿರಬಹುದು, ಇಲ್ಲವೇ ನೀವು ಓಡಿಸುತ್ತಿರುವ ವಿಮ್‌ಗೆ ಅಪ್‌ಡೇಟ್ ತಲುಪಿಯೇ ಇಲ್ಲದಿರಬಹುದು. ಯಾವುದು ಎಂದು ಮೊದಲು ಬೇರ್ಪಡಿಸಿಕೊಳ್ಳದೆ ಪ್ಯಾಕೇಜ್ ಕಿತ್ತು ಮತ್ತೆ ಹಾಕುವುದು, ಸೋರ್ಸ್ ತಂದು ಕಂಪೈಲ್ ಮಾಡುವುದು ಇವೆಲ್ಲ ಸಮಸ್ಯೆಯನ್ನು ಇನ್ನಷ್ಟು ಗೋಜಲು ಮಾಡುತ್ತವೆ.

ಇಲ್ಲಿ ಆಜ್ಞೆಗಳನ್ನೂ ಫೈಲ್ ದಾರಿಗಳನ್ನೂ ಉಚ್ಚಾರದಂತೆ ಕನ್ನಡದಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಬರೀ ಎಡಿಟರ್ ತಾನೇ, ಅದರಿಂದೇನಾಗುತ್ತದೆ?

ಹೀಗೆ ಕೇಳುವವರಿಗೆ 2019ರ ಸಿವಿಇ-2019-12735 ತೋರಿಸಿದರೆ ಸಾಕು (ಸಿವಿಇ ಎಂದರೆ ಬಯಲಾದ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ). ವಿಮ್‌ನಲ್ಲಿ ಮೋಡ್‌ಲೈನ್ ಎಂಬ ಅನುಕೂಲವಿದೆ. ಫೈಲಿನ ಮೊದಲ ಐದು ಅಥವಾ ಕೊನೆಯ ಐದು ಸಾಲುಗಳಲ್ಲಿ ‘ವಿಮ್:’ ಎಂದು ಶುರುವಾಗುವ ಸೂಚನೆ ಸಿಕ್ಕರೆ, ಟ್ಯಾಬ್ ಅಗಲ, ಫೋಲ್ಡಿಂಗ್ ಮುಂತಾದ ಸೆಟ್ಟಿಂಗ್‌ಗಳನ್ನು ಎಡಿಟರ್ ಅಲ್ಲಿಂದಲೇ ಓದಿಕೊಳ್ಳುತ್ತದೆ. ಅಪಾಯಕಾರಿ ಕೆಲಸಗಳು ಇದರ ಮೂಲಕ ನಡೆಯಬಾರದೆಂದು ಸ್ಯಾಂಡ್‌ಬಾಕ್ಸ್ ಒಂದು ಅಡ್ಡ ಇತ್ತು. ಆದರೆ ‘ಸೋರ್ಸ್!’ ಆಜ್ಞೆ ಆ ಅಡ್ಡವನ್ನು ದಾಟಿ ಹೋಗುತ್ತಿತ್ತು. ಹೀಗಾಗಿ ಯಾರೋ ಕಳಿಸಿದ ಪಠ್ಯ ಫೈಲನ್ನು ತೆರೆದರೆ ಸಾಕು, ಅದರೊಳಗಿದ್ದ ಆಜ್ಞೆ ನಿಮ್ಮ ಲಾಗಿನ್‌ನ ಅಧಿಕಾರದಲ್ಲಿ ಓಡುತ್ತಿತ್ತು. ತೋರಿಸಲು ಬರೆದ ಮಾದರಿ ಫೈಲ್‌ಗಳಲ್ಲಿ ಒಂದಂತೂ ಟರ್ಮಿನಲ್ ಎಸ್ಕೇಪ್ ಸಂಕೇತಗಳನ್ನು ಬಳಸಿ ಆ ಸಾಲನ್ನೇ ಮರೆಮಾಡಿತ್ತು. ಬರೀ ‘ಕ್ಯಾಟ್’ ಹಾಕಿದರೆ ಫೈಲ್ ಮುಗ್ಧವಾಗಿ ಕಾಣುತ್ತಿತ್ತು, ‘ಕ್ಯಾಟ್ -ವಿ’ ಹಾಕಿದರೆ ಮಾತ್ರ ಬಣ್ಣ ಬಯಲಾಗುತ್ತಿತ್ತು. ವಿಮ್‌ನ ಮೂಲ ಕೋಡ್‌ನಲ್ಲಿ ಇದನ್ನು 8.1.1365ನೇ ಪ್ಯಾಚ್‌ನಲ್ಲಿ ಸರಿಪಡಿಸಿದರು. ವಿಮ್‌ನಿಂದ ಕವಲೊಡೆದ ನಿಯೋವಿಮ್‌ನಲ್ಲಿ 0.3.6ಕ್ಕೆ ಸರಿಹೋಯಿತು.

ಆ 1365 ಎಂಬ ಸಂಖ್ಯೆಯೇ ಮುಂದಿನ ಗೊಂದಲದ ಬೇರು.

ನೋಡಬೇಕಾದ್ದು ಪ್ಯಾಕೇಜಿನ ಆವೃತ್ತಿ

ಉಬುಂಟು 18.04ರಲ್ಲಿ ‘ವಿಮ್ --ವರ್ಶನ್’ ಕೊಟ್ಟರೆ 8.0 ಎಂದೂ ಪ್ಯಾಚ್ 1-1453 ಎಂದೂ ಬರುತ್ತದೆ. ದೋಷ ಸರಿಯಾದದ್ದು 8.1.1365ರಲ್ಲಿ, ಇದು 8.0.1453. ಮೇಲ್ನೋಟಕ್ಕೆ ದೋಷ ಇದ್ದೇ ಇದೆ ಅನಿಸುತ್ತದೆ. ಬಹಳಷ್ಟು ಸ್ಕ್ಯಾನರ್‌ಗಳು ಎಡವುವುದೂ ಇಲ್ಲೇ. ಉಬುಂಟು, ಡೆಬಿಯನ್, ರೆಡ್ ಹ್ಯಾಟ್ ಮೂರೂ ಒಂದು ಬಿಡುಗಡೆಯ ಆಯುಷ್ಯದುದ್ದಕ್ಕೂ ತಂತ್ರಾಂಶದ ಮೂಲ ಆವೃತ್ತಿಯನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ. ಭದ್ರತಾ ಪ್ಯಾಚನ್ನಷ್ಟೇ ಹಿಂದಕ್ಕೆ ಒಯ್ದು ಹಳೆಯ ಕೋಡ್‌ಗೆ ಹೊಲಿಯುತ್ತವೆ. ಇದನ್ನೇ ಬ್ಯಾಕ್‌ಪೋರ್ಟ್ ಎನ್ನುವುದು. 18.04ರಲ್ಲಿ ಈ ದೋಷ ಹೋದದ್ದು 2019ರ ಜೂನ್‌ನಲ್ಲಿ, ಯುಎಸ್‌ಎನ್-4016-1 ಎಂಬ ಉಬುಂಟು ಭದ್ರತಾ ಪ್ರಕಟಣೆಯ ಜತೆ ಬಂದ 2:8.0.1453-1ಉಬುಂಟು1.1 ಪ್ಯಾಕೇಜಿನಲ್ಲಿ.

ಈ ಸಂಖ್ಯೆಯನ್ನು ಬಿಡಿಸಿ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಮೊದಲ 2: ಎಂಬುದು ಎಪಾಕ್, ಹೋಲಿಕೆಯಲ್ಲಿ ಎಲ್ಲಕ್ಕಿಂತ ಮೊದಲು ಪರಿಗಣಿಸುವ ಅಂಕಿ. 8.0.1453 ವಿಮ್‌ನ ಸ್ವಂತ ಆವೃತ್ತಿ. ಅಡ್ಡಗೆರೆಯ ನಂತರದ 1 ಡೆಬಿಯನ್‌ನದು, ಉಬುಂಟು1 ಉಬುಂಟು ಮಾಡಿದ ಬದಲಾವಣೆ. ಕೊನೆಯ .1 ಬಿಡುಗಡೆಯಾದ ಮೇಲೆ ಬಂದ ತಿದ್ದುಪಡಿ. ಭದ್ರತೆಯ ಗುಟ್ಟು ಇರುವುದು ಈ ಬಾಲದಲ್ಲಿ. ಉಬುಂಟು 22.04ರಲ್ಲಿ ಮೂಲ ಭಾಗ ಸದಾ 2:8.2.3995-1ಉಬುಂಟು2 ಆಗಿಯೇ ಇರುತ್ತದೆ, 24.04ರಲ್ಲಿ 2:9.1.0016-1ಉಬುಂಟು7. ಚುಕ್ಕಿಯ ನಂತರದ ಅಂಕಿ ಮಾತ್ರ ಏರುತ್ತ ಹೋಗುತ್ತದೆ.

ಸ್ವಂತ ಸ್ಕ್ರಿಪ್ಟ್ ಬರೆದು ಹೋಲಿಸುವವರು ಇಲ್ಲೊಂದು ಗುಂಡಿಗೆ ಬೀಳುತ್ತಾರೆ. ಉಬುಂಟು2.9 ಮತ್ತು ಉಬುಂಟು2.18ರಲ್ಲಿ ಯಾವುದು ಹೊಸದು? ಬರೀ ಅಕ್ಷರಗಳೆಂದು ಹೋಲಿಸಿದರೆ 9 ದೊಡ್ಡದು. ಆದರೆ ನಿಜವಾಗಿ ಹೊಸದು 18. ಆದ್ದರಿಂದ ಹೋಲಿಕೆಯನ್ನು ‘ಡಿಪಿಕೆಜಿ --ಕಂಪೇರ್-ವರ್ಶನ್ಸ್’ ಆಜ್ಞೆಗೇ ಬಿಡಿ. ಎಪಾಕ್ ಸಮೇತ ಪೂರ್ತಿ ಸಂಖ್ಯೆಯನ್ನು ಅದಕ್ಕೆ ಕೊಡಬೇಕು. 2: ಬಿಟ್ಟುಹೋದರೆ ಉತ್ತರವೇ ತಲೆಕೆಳಗಾಗುತ್ತದೆ.

ಪ್ಯಾಕೇಜಿನ ಆವೃತ್ತಿ ನೋಡಲು ‘ಡಿಪಿಕೆಜಿ -ಎಲ್’ ಕೊಟ್ಟು ಮುಂದೆ ಉದ್ಧರಣ ಚಿಹ್ನೆಯೊಳಗೆ ‘ವಿಮ್*’ ಹಾಕಿ. ವಿಮ್ ಎನ್ನುವುದು ಒಂದೇ ಪ್ಯಾಕೇಜ್ ಅಲ್ಲ. ವಿಮ್, ವಿಮ್-ಟೈನಿ, ವಿಮ್-ಕಾಮನ್, ವಿಮ್-ರನ್‌ಟೈಮ್ ಇರುತ್ತವೆ, ಕೆಲವರಲ್ಲಿ ವಿಮ್-ಜಿಟಿಕೆ3 ಅಥವಾ ವಿಮ್-ನಾಕ್ಸ್ ಕೂಡ ಇರುತ್ತದೆ. ಸಾಲಿನ ಆರಂಭದಲ್ಲಿ ‘ಐಐ’ ಇದ್ದವು ಮಾತ್ರ ಸರಿಯಾಗಿ ಇನ್‌ಸ್ಟಾಲ್ ಆದವು. ‘ಆರ್‌ಸಿ’ ಎಂದಿದ್ದರೆ ಪ್ಯಾಕೇಜ್ ತೆಗೆದುಹಾಕಿ ಸೆಟ್ಟಿಂಗ್ ಫೈಲ್ ಮಾತ್ರ ಉಳಿದಿದೆ ಎಂದರ್ಥ, ಅದರಿಂದ ಅಪಾಯವಿಲ್ಲ.

ನಿಮ್ಮ ಸಿವಿಇಗೆ ಪ್ಯಾಚ್ ಬಂದಿದೆಯೇ ಎಂದು ತಿಳಿಯಲು ‘ಆಪ್ಟ್ ಚೇಂಜ್‌ಲಾಗ್ ವಿಮ್’ ಕೊಟ್ಟು, ಬರುವ ಪಠ್ಯದಲ್ಲಿ ಸಿವಿಇ ಸಂಖ್ಯೆಯನ್ನು ಹುಡುಕಿ. ಯಂತ್ರದಲ್ಲೇ ಇರುವ ಚೇಂಜ್‌ಲಾಗ್ ಫೈಲನ್ನು ನಂಬಿ ಕೂರಬೇಡಿ. ಉಬುಂಟು ಅದರಲ್ಲಿ ಇತ್ತೀಚಿನ ಹತ್ತು ದಾಖಲೆಗಳನ್ನಷ್ಟೇ ಇಡುತ್ತದೆ, ಹಳೆಯ ಸಿವಿಇ ಅಲ್ಲಿ ಕಾಣದಿರಬಹುದು. ಇನ್ನೂ ಸುಲಭದ ದಾರಿ ‘ಪ್ರೊ ಫಿಕ್ಸ್ ಸಿವಿಇ-2019-12735 --ಡ್ರೈ-ರನ್’. ಈ ಯಂತ್ರಕ್ಕೆ ಆ ದೋಷ ತಗಲುತ್ತದೆಯೇ, ಈಗಾಗಲೇ ಸರಿಯಾಗಿದೆಯೇ ಎಂದು ಏನನ್ನೂ ಬದಲಿಸದೆ ಹೇಳುತ್ತದೆ.

ಆವೃತ್ತಿ ಹಳೆಯದಾಗಿರುವುದೇ ರಕ್ಷಣೆಯಾಗುವ ಸಂದರ್ಭವೂ ಉಂಟು. ಸಿವಿಇ-2025-27423 ಟಾರ್ ಫೈಲ್ (ಹಲವು ಫೈಲ್‌ಗಳ ಒಂದು ಕಟ್ಟು) ತೆರೆಯುವ ಪ್ಲಗಿನ್‌ನ ದೋಷ. ಅದು ವಿಮ್‌ಗೆ ಹೊಕ್ಕಿದ್ದು 9.1.0858ರಲ್ಲಿ, ಸರಿಯಾದದ್ದು 9.1.1164ರಲ್ಲಿ. ಉಬುಂಟು 22.04ರ 8.2 ಆಗಲಿ 24.04ರ 9.1.0016 ಆಗಲಿ ಆ ದೋಷ ಹುಟ್ಟುವ ಮುಂಚಿನವು. ‘9.1.1164ಕ್ಕಿಂತ ಹಳೆಯದು’ ಎಂಬ ಒಂದೇ ಸಾಲಿನ ನಿಯಮದಿಂದ ಸ್ಕ್ಯಾನರ್ ಇವನ್ನು ಹಿಡಿದರೆ ಅದು ಸುಳ್ಳು ಎಚ್ಚರಿಕೆ. ಉಬುಂಟುವಿನ ಸಿವಿಇ ಪುಟದಲ್ಲಿ ನಿಮ್ಮ ಬಿಡುಗಡೆಯ ಎದುರು ಏನು ಬರೆದಿದೆ ಎಂಬುದನ್ನು ಆಡಿಟ್‌ನವರಿಗೆ ತೋರಿಸಿ, ಪ್ಯಾಕೇಜನ್ನು ಮುಟ್ಟಬೇಡಿ.

ಅಪ್‌ಡೇಟ್ ಬರುತ್ತಲೇ ಇಲ್ಲ ಎಂದಾದರೆ

ಇಲ್ಲಿಂದ ಮುಂದೆ ಪ್ಯಾಕೇಜ್ ನಿಜಕ್ಕೂ ಹಿಂದುಳಿದಿದೆ ಎಂದಿಟ್ಟುಕೊಳ್ಳಿ. ‘ಆಪ್ಟ್-ಕ್ಯಾಶ್ ಪಾಲಿಸಿ ವಿಮ್’ ಕೊಡಿ. ಮೊದಲ ಎರಡು ಸಾಲು ಇನ್‌ಸ್ಟಾಲ್ಡ್ ಮತ್ತು ಕ್ಯಾಂಡಿಡೇಟ್. ಕೆಳಗೆ ಯಾವ ಆವೃತ್ತಿ ಯಾವ ಸರ್ವರ್‌ನಿಂದ ಸಿಗುತ್ತದೆ ಎಂಬ ಪಟ್ಟಿ, ಪ್ರತಿಯೊಂದರ ಎದುರು 500 ಅಥವಾ 100 ಎಂಬ ಆದ್ಯತೆಯ ಅಂಕಿ. ಈ ಏಳೆಂಟು ಸಾಲುಗಳಲ್ಲಿ ರೋಗದ ಮೂಲ ಬಹುಮಟ್ಟಿಗೆ ಸಿಕ್ಕಿಬಿಡುತ್ತದೆ.

ಕ್ಯಾಂಡಿಡೇಟ್ ಹೊಸದು, ಇನ್‌ಸ್ಟಾಲ್ಡ್ ಹಳೆಯದು: ದಾರಿ ತೆರೆದಿದೆ, ಪ್ಯಾಕೇಜ್ ಮಾತ್ರ ಅಲುಗಾಡುತ್ತಿಲ್ಲ. ‘ಆಪ್ಟ್-ಮಾರ್ಕ್ ಶೋಹೋಲ್ಡ್’ ನೋಡಿ. ಯಾರೋ ಯಾವಾಗಲೋ ಹೋಲ್ಡ್ (ಆವೃತ್ತಿ ಬದಲಾಗದಂತೆ ತಡೆ) ಹಾಕಿ ಮರೆತಿರುತ್ತಾರೆ. ಹೋಲ್ಡ್ ಇರುವುದು ವಿಮ್ ಮೇಲೆಯೇ ಆಗಬೇಕಿಲ್ಲ ಎನ್ನುವುದನ್ನು ಗಮನಿಸಿ. ವಿಮ್ ಪ್ಯಾಕೇಜಿಗೆ ವಿಮ್-ಕಾಮನ್ ಮತ್ತು ವಿಮ್-ರನ್‌ಟೈಮ್ ಅದೇ ಆವೃತ್ತಿಯವೇ ಬೇಕು, ಬಾಲದ ಅಂಕಿಯೂ ಒಂದೇ ಇರಬೇಕು. ವಿಮ್-ರನ್‌ಟೈಮ್ ಒಂದನ್ನು ಕಟ್ಟಿಹಾಕಿದರೂ ವಿಮ್ ಕೂಡ ‘ಕೆಪ್ಟ್ ಬ್ಯಾಕ್’ ಪಟ್ಟಿಗೆ ಬಂದು ಬೀಳುತ್ತದೆ. ಹೋಲ್ಡ್ ತೆಗೆದ ಮೇಲೆ ‘ಸುಡೊ ಆಪ್ಟ್ ಇನ್‌ಸ್ಟಾಲ್ --ಓನ್ಲಿ-ಅಪ್‌ಗ್ರೇಡ್’ ಮುಂದೆ ಇರುವ ವಿಮ್ ಪ್ಯಾಕೇಜುಗಳನ್ನೆಲ್ಲ ಒಂದೇ ಸಾಲಿನಲ್ಲಿ ಕೊಡಿ. ಹೋಲ್ಡ್ ಇಲ್ಲದಿದ್ದರೆ /ಇಟಿಸಿ/ಆಪ್ಟ್/ಪ್ರಿಫರೆನ್ಸಸ್.ಡಿ ಫೋಲ್ಡರ್‌ನಲ್ಲಿ ಪ್ಯಾಕೇಜನ್ನು ಒಂದು ಆವೃತ್ತಿಗೇ ಕಟ್ಟಿಹಾಕುವ (ಪಿನ್ ಮಾಡುವ) ಫೈಲ್ ಇದೆಯೇ ನೋಡಿ. ಉಬುಂಟು ಕೆಲವು ಅಪ್‌ಡೇಟ್‌ಗಳನ್ನು ಹಂತಹಂತವಾಗಿ ಬಿಡುಗಡೆ ಮಾಡುವುದು ನಿಜ, ಆದರೆ ಭದ್ರತಾ ಅಪ್‌ಡೇಟ್‌ಗಳಿಗೆ ಆ ಕಾಯುವಿಕೆ ಇಲ್ಲ. ಅದೇ ಕಾರಣ ಎಂದುಕೊಂಡು ಸುಮ್ಮನಿರಬೇಡಿ.

ಎರಡೂ ಒಂದೇ, ಆದರೆ ಎರಡೂ ಹಳೆಯವು: ನಿಮ್ಮ ಸೋರ್ಸ್ ಪಟ್ಟಿಯಲ್ಲಿ ಸೆಕ್ಯುರಿಟಿ ಸಾಲು ಇಲ್ಲ ಅಥವಾ ಪಟ್ಟಿ ಹಳಸಿದೆ. ಪಾಲಿಸಿಯ ಪಟ್ಟಿಯಲ್ಲಿ 22.04 ಆದರೆ ‘ಜ್ಯಾಮಿ-ಸೆಕ್ಯುರಿಟಿ’, 24.04 ಆದರೆ ‘ನೋಬಲ್-ಸೆಕ್ಯುರಿಟಿ’ ಕಾಣಲೇಬೇಕು. 24.04ರಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಿದ ಯಂತ್ರಗಳಲ್ಲಿ ಹಳೆಯ ಸೋರ್ಸಸ್.ಲಿಸ್ಟ್ ಫೈಲಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ವಿವರವೆಲ್ಲ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಒಳಗಿನ ಉಬುಂಟು.ಸೋರ್ಸಸ್ ಫೈಲಿಗೆ ಹೋಗಿದೆ. ಕಾಲೇಜು, ಕಚೇರಿಗಳ ಒಳಗಿನ ಸ್ಥಳೀಯ ಮಿರರ್ (ಉಬುಂಟು ಸರ್ವರ್‌ನ ನಕಲು) ಬಳಸುವವರು ಅದು ಕೊನೆಯ ಬಾರಿ ಯಾವಾಗ ಸಿಂಕ್ ಆಯಿತು ಎಂದು ನೋಡಲೇಬೇಕು. ಭಾರತದಲ್ಲಿ ಇನ್‌ಸ್ಟಾಲ್ ಮಾಡಿದ ಯಂತ್ರಗಳಿಗೆ ಸಾಮಾನ್ಯವಾಗಿ ‘ಇನ್.’ ಎಂದು ಶುರುವಾಗುವ ಆರ್ಕೈವ್ ವಿಳಾಸ ಸಿಗುತ್ತದೆ. ಅದು ನಿಧಾನವಾದರೂ ಪರವಾಗಿಲ್ಲ, ಸೆಕ್ಯುರಿಟಿ ಸಾಲು ಮಾತ್ರ ನೇರವಾಗಿ ಉಬುಂಟುವಿನ ಸೆಕ್ಯುರಿಟಿ ಸರ್ವರ್‌ಗೇ ಹೋಗುವಂತಿರಲಿ.

ಬಿಡುಗಡೆಯ ಆಯುಷ್ಯವೇ ಮುಗಿದಿದ್ದರೂ ಇದೇ ಲಕ್ಷಣ ಕಾಣುತ್ತದೆ. 18.04ರ ಸಾಮಾನ್ಯ ಬೆಂಬಲ 2023ರ ಮೇ ತಿಂಗಳಲ್ಲಿ ಮುಗಿಯಿತು, 20.04ರದು 2025ರ ಮೇನಲ್ಲಿ. ಇವುಗಳಲ್ಲಿ ಆಪ್ಟ್ ‘ಎಲ್ಲವೂ ಹೊಸದಾಗಿದೆ’ ಎಂದು ಶಾಂತವಾಗಿ ಹೇಳುತ್ತದೆ. ಅದು ಹೇಳುತ್ತಿರುವುದು ಸುಳ್ಳಲ್ಲ, ತನಗೆ ಸಿಗುವ ಕೊನೆಯ ಪ್ಯಾಕೇಜ್ ಹಾಕಿಯಾಗಿದೆ ಅಷ್ಟೆ. ನಂತರದ ಪ್ಯಾಚ್‌ಗಳು ಉಬುಂಟು ಪ್ರೊ ಮೂಲಕ ಬರುತ್ತವೆ, ಅಂಥ ಪ್ಯಾಕೇಜಿನ ಆವೃತ್ತಿಯ ತುದಿಯಲ್ಲಿ +ಇಎಸ್‌ಎಂ (ವಿಸ್ತರಿತ ಭದ್ರತಾ ನಿರ್ವಹಣೆ) ಎಂದಿರುತ್ತದೆ. ವೈಯಕ್ತಿಕ ಬಳಕೆಗೆ ಐದು ಯಂತ್ರಗಳವರೆಗೆ ಪ್ರೊ ಉಚಿತ. ‘ಪ್ರೊ ಸ್ಟೇಟಸ್’ ಕೊಟ್ಟು ಇಎಸ್‌ಎಂ-ಇನ್‌ಫ್ರಾ ಎದುರು ‘ಎನೇಬಲ್ಡ್’ ಇದೆಯೇ ನೋಡಿಕೊಳ್ಳಿ. ಆದರೂ ಸಾಧ್ಯವಿರುವವರು 22.04 ಅಥವಾ 24.04ಕ್ಕೆ ಹೋಗುವುದೇ ಒಳ್ಳೆಯದು.

ಇನ್‌ಸ್ಟಾಲ್ಡ್ ಆವೃತ್ತಿ ಉಬುಂಟುವಿನದಕ್ಕಿಂತ ದೊಡ್ಡದು: ಇದು ಎಲ್ಲಕ್ಕಿಂತ ಮೋಸದ ಸ್ಥಿತಿ. ಹೊಸ ವಿಮ್ ಬೇಕೆಂದು ಎಂದೋ ಒಂದು ಪಿಪಿಎ (ಹೊರಗಿನವರು ನಡೆಸುವ ಪ್ಯಾಕೇಜ್ ಭಂಡಾರ) ಸೇರಿಸಿ 9.0 ಹಾಕಿಕೊಂಡಿರುತ್ತೀರಿ. ಆ ಪಿಪಿಎ ನಡೆಸುವವರು ಕೈಬಿಟ್ಟಿರುತ್ತಾರೆ. 22.04ರ ಸೆಕ್ಯುರಿಟಿ ಸರ್ವರ್‌ನಲ್ಲಿ 8.2.3995ರ ಪ್ಯಾಚ್ ಆದ ಪ್ಯಾಕೇಜ್ ಸಿದ್ಧವಿದ್ದರೂ, 9.0 ಎಂಬ ಅಂಕಿ ದೊಡ್ಡದೆಂಬ ಕಾರಣಕ್ಕೆ ಆಪ್ಟ್ ಅದನ್ನು ತಿರುಗಿಯೂ ನೋಡುವುದಿಲ್ಲ. ಕಣ್ಣಿಗೆ ಹೊಸದು, ಒಳಗೆ ತೂತು. ಪಾಲಿಸಿ ಪಟ್ಟಿಯಲ್ಲಿ ಇನ್‌ಸ್ಟಾಲ್ಡ್ ಆವೃತ್ತಿಯ ಕೆಳಗೆ ಸರ್ವರ್ ವಿಳಾಸವೇ ಇಲ್ಲದೆ 100ರ ಎದುರು /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್ ಒಂದೇ ಇದ್ದರೆ, ಆ ಪ್ಯಾಕೇಜಿಗೆ ಈಗ ಹೆತ್ತವರಿಲ್ಲ ಎಂದು ತಿಳಿಯಿರಿ. ಪಿಪಿಎ ಇನ್ನೂ ಪಟ್ಟಿಯಲ್ಲಿದ್ದರೆ ‘ಪಿಪಿಎ-ಪರ್ಜ್’ ಓಡಿಸಿ, ಅದು ಪ್ಯಾಕೇಜುಗಳನ್ನು ಉಬುಂಟುವಿನ ಆವೃತ್ತಿಗೆ ಇಳಿಸುತ್ತದೆ. ಕೈಯಾರೆ ಇಳಿಸುವುದಾದರೆ ‘ಆಪ್ಟ್ ಇನ್‌ಸ್ಟಾಲ್’ ಮುಂದೆ ಪ್ರತಿ ವಿಮ್ ಪ್ಯಾಕೇಜಿನ ಹೆಸರಿಗೂ ಸಮ ಚಿಹ್ನೆ ಹಾಕಿ ಪೂರ್ತಿ ಆವೃತ್ತಿ ಬರೆದು, ಎಲ್ಲವನ್ನೂ ಒಟ್ಟಿಗೆ ಕೊಡಬೇಕು. ಒಂದೊಂದಾಗಿ ಕೊಟ್ಟರೆ ಅವಲಂಬನೆಯ ಎರರ್ ಬಂದು ನಿಲ್ಲುತ್ತದೆ.

ಆಪ್ಟ್ ಅರ್ಧದಲ್ಲೇ ನಿಂತರೆ

‘ಕುಡ್ ನಾಟ್ ಗೆಟ್ ಲಾಕ್’ ಎಂದರೆ ಹಿನ್ನೆಲೆಯಲ್ಲಿ ಸ್ವಯಂಚಾಲಿತ ಅಪ್‌ಡೇಟ್ ನಡೆಯುತ್ತಿರುವ ಸಂಭವವೇ ಹೆಚ್ಚು. ಸ್ವಲ್ಪ ಹೊತ್ತು ಕಾಯಿರಿ. ಲಾಕ್ ಫೈಲನ್ನು ಅಳಿಸುವ ಸಲಹೆ ಎಲ್ಲೆಡೆ ಹರಿದಾಡುತ್ತದೆ, ದಯವಿಟ್ಟು ಅದನ್ನು ಪಾಲಿಸಬೇಡಿ. ಎರಡು ಪ್ರಕ್ರಿಯೆಗಳು ಒಟ್ಟಿಗೆ ಡಿಪಿಕೆಜಿಯ ದತ್ತಾಂಶಕ್ಕೆ ಬರೆದರೆ ಯಂತ್ರದ ಪ್ಯಾಕೇಜ್ ಪಟ್ಟಿಯೇ ಕೆಡುತ್ತದೆ. ಹಿಂದೆ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿದ್ದರೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಮೊದಲು ಓಡಿಸಿ. ರಿಲೀಸ್ ಫೈಲ್ ‘ನಾಟ್ ವ್ಯಾಲಿಡ್ ಯೆಟ್’ ಎಂದರೆ ಯಂತ್ರದ ಗಡಿಯಾರ ಹಿಂದಿದೆ, ‘ಟೈಮ್‌ಡೇಟ್‌ಸಿಟಿಎಲ್’ನಿಂದ ಸರಿಪಡಿಸಿ. ಸಿಮಾಸ್ ಬ್ಯಾಟರಿ ಸತ್ತ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇದು ನಿತ್ಯದ ಗೋಳು. ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಪದೇ ಪದೇ ಬಂದರೆ ನಡುವಿನ ಪ್ರಾಕ್ಸಿ ಹಳೆಯ ಪ್ರತಿ ಕೊಡುತ್ತಿರಬಹುದು. /ವಾರ್/ಲಿಬ್/ಆಪ್ಟ್/ಲಿಸ್ಟ್ಸ್ ಒಳಗಿನದನ್ನು ಖಾಲಿ ಮಾಡಿ ಮತ್ತೆ ‘ಆಪ್ಟ್ ಅಪ್‌ಡೇಟ್’ ಕೊಡಿ. ಡಿಸ್ಕ್ ತುಂಬಿದೆಯೇ ಎಂದು ‘ಡಿಎಫ್ -ಎಚ್’ ಹೇಳುತ್ತದೆ, ತುಂಬಿದ್ದರೆ ‘ಆಪ್ಟ್ ಕ್ಲೀನ್’.

ಪ್ಯಾಕೇಜ್ ಹೊಸದು, ಓಡುತ್ತಿರುವುದು ಹಳೆಯದು

ಈ ಹಂತವನ್ನು ಹೆಚ್ಚಿನವರು ನೋಡುವುದೇ ಇಲ್ಲ. ‘ಟೈಪ್ -ಎ ವಿಮ್’ ಕೊಡಿ. /ಯುಎಸ್‌ಆರ್/ಬಿನ್/ವಿಮ್ ಜತೆಗೆ /ಯುಎಸ್‌ಆರ್/ಲೋಕಲ್/ಬಿನ್/ವಿಮ್ ಕೂಡ ಬಂದರೆ, ಸೋರ್ಸ್‌ನಿಂದ ಕಂಪೈಲ್ ಮಾಡಿದ ಇನ್ನೊಂದು ವಿಮ್ ನಿಮ್ಮಲ್ಲಿದೆ. ಶೆಲ್ ಆಜ್ಞೆಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಾದ ಪಾತ್‌ನಲ್ಲಿ ಲೋಕಲ್ ಮೊದಲು ಬರುವುದರಿಂದ ದಿನವೂ ಓಡುತ್ತಿರುವುದು ಅದೇ, ಆಪ್ಟ್‌ಗೆ ಅದರ ಸುಳಿವೇ ಇಲ್ಲ. ಗುರುತಿಸಲು ಒಂದು ಸುಲಭ ಕುರುಹು: ಉಬುಂಟು 22.04, 24.04ರ ವಿಮ್‌ನ ‘--ವರ್ಶನ್’ ಸಾಲುಗಳಲ್ಲಿ ‘ಮಾಡಿಫೈಡ್ ಬೈ’ ಎಂದು ಡೆಬಿಯನ್‌ನ ವಿಮ್ ತಂಡದ ವಿಳಾಸ ಇರುತ್ತದೆ, ನೀವೇ ಕಂಪೈಲ್ ಮಾಡಿದ್ದರಲ್ಲಿ ಇರುವುದಿಲ್ಲ. ಹಳೆಯ ಸೋರ್ಸ್ ಫೋಲ್ಡರ್ ಇನ್ನೂ ಇದ್ದರೆ ಅದರೊಳಗಿಂದ ‘ಸುಡೊ ಮೇಕ್ ಅನ್‌ಇನ್‌ಸ್ಟಾಲ್’ ಓಡಿಸಿ, ಆಮೇಲೆ ಶೆಲ್‌ನಲ್ಲಿ ‘ಹ್ಯಾಶ್ -ಆರ್’ ಕೊಡಿ. ಇಲ್ಲದಿದ್ದರೆ ಶೆಲ್ ಹಳೆಯ ದಾರಿಯನ್ನೇ ನೆನಪಿಟ್ಟುಕೊಂಡಿರುತ್ತದೆ. ಕೊಂಡಾ, ಸ್ನ್ಯಾಪ್, ಆಪ್‌ಇಮೇಜ್ ಮೂಲಕ ಬಂದ ವಿಮ್‌ಗೂ ಇದೇ ಮಾತು: ಯಾವುದರಿಂದ ಬಂತೋ ಅದರಿಂದಲೇ ಅಪ್‌ಡೇಟ್ ಆಗಬೇಕು.

ಇನ್ನೊಂದು, ಲಾಗ್‌ಔಟ್ ಆದರೂ ಟರ್ಮಿನಲ್ ಕಿಟಕಿಗಳನ್ನು ಜೀವಂತ ಇಡುವ ಟಿಮಕ್ಸ್ ಮತ್ತು ಸ್ಕ್ರೀನ್ ಬಳಸುವವರ ಕಥೆ. ಸರ್ವರ್‌ನಲ್ಲಿ ಮೂರು ವಾರದ ಹಿಂದೆ ತೆರೆದ ವಿಮ್ ಇನ್ನೂ ಒಂದು ಕಿಟಕಿಯಲ್ಲಿ ಕೂತಿರುತ್ತದೆ. ಡಿಸ್ಕ್ ಮೇಲಿನ ಫೈಲ್ ಬದಲಾಗಿದ್ದರೂ ಮೆಮೊರಿಯಲ್ಲಿ ಓಡುತ್ತಿರುವುದು ಹಳೆಯ ಕೋಡ್. ‘ಪಿಗ್ರೆಪ್ -ಎ ವಿಮ್’ ಕೊಟ್ಟು ಪಿಐಡಿ (ಓಡುತ್ತಿರುವ ಪ್ರಕ್ರಿಯೆಯ ಸಂಖ್ಯೆ) ಹಿಡಿಯಿರಿ, ನಂತರ /ಪ್ರಾಕ್ ಒಳಗೆ ಆ ಪಿಐಡಿಯ ಫೋಲ್ಡರ್‌ನಲ್ಲಿ ‘ಎಕ್ಸಿ’ ಎಂಬ ಕೊಂಡಿಯನ್ನು ‘ಎಲ್‌ಎಸ್ -ಎಲ್’ನಿಂದ ನೋಡಿ. ತುದಿಯಲ್ಲಿ ‘ಡಿಲೀಟೆಡ್’ ಎಂದಿದ್ದರೆ ಅದು ಅಪ್‌ಡೇಟ್‌ಗೆ ಮುಂಚಿನದು. ಆ ಕಿಟಕಿಗೆ ಹೋಗಿ ಫೈಲ್‌ಗಳನ್ನು ಉಳಿಸಿ ಮುಚ್ಚಿ, ಮತ್ತೆ ತೆರೆಯಿರಿ. ಕಿಟಕಿ ಸಿಗದಿದ್ದರೆ ಬರೀ ‘ಕಿಲ್’ ಕೊಡಿ. ವಿಮ್ ಆ ಸಂಕೇತವನ್ನು ಹಿಡಿದು ಸ್ವಾಪ್ ಫೈಲನ್ನು ಉಳಿಸಿ ಹೊರಡುತ್ತದೆ, ಆಮೇಲೆ ‘ವಿಮ್ -ಆರ್’ ಕೊಟ್ಟು ಕೆಲಸ ಮರಳಿ ಪಡೆಯಬಹುದು. ‘ಕಿಲ್ -9’ ಕೊಟ್ಟರೆ ಆ ಅವಕಾಶ ಅದಕ್ಕೆ ಸಿಗುವುದಿಲ್ಲ, ಕೊನೆಯ ಕೆಲವು ಬದಲಾವಣೆಗಳು ಹೋಗಬಹುದು.

ಕೆಲವು ದೋಷಗಳು ಬೈನರಿಯಲ್ಲಿ ಇರುವುದೇ ಇಲ್ಲ. ಟಾರ್, ಜಿಪ್ ಪ್ಲಗಿನ್‌ಗಳ ದೋಷ ವಿಮ್-ರನ್‌ಟೈಮ್ ಪ್ಯಾಕೇಜಿನ ಸ್ಕ್ರಿಪ್ಟ್‌ಗಳಲ್ಲಿರುತ್ತದೆ. ವಿಮ್-ಟೈನಿ ಒಂದೇ ಇರುವ ಯಂತ್ರದಲ್ಲಿ ಆ ಸ್ಕ್ರಿಪ್ಟ್‌ಗಳೇ ಇರುವುದಿಲ್ಲ. ಆದರೆ ನಿಮ್ಮ ಹೋಮ್ ಫೋಲ್ಡರ್‌ನ .ವಿಮ್ ಒಳಗೆ ಆ ಪ್ಲಗಿನ್‌ನ ಹಳೆಯ ಪ್ರತಿ ಇಟ್ಟುಕೊಂಡಿದ್ದರೆ ವಿಮ್ ಮೊದಲು ಓದುವುದು ಅದನ್ನೇ. ಸಿಸ್ಟಂ ಅಪ್‌ಡೇಟ್ ನಿಮ್ಮ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ಯಾವುದಾದರೂ ಟಾರ್ ಫೈಲ್ ತೆರೆದು (ನಿಮ್ಮದೇ, ನಂಬಿಕೆಯದು) ‘:ಸ್ಕ್ರಿಪ್ಟ್‌ನೇಮ್ಸ್’ ಕೊಟ್ಟರೆ ಯಾವ ಪ್ರತಿ ಲೋಡ್ ಆಯಿತೆಂದು ದಾರಿ ಸಮೇತ ಗೊತ್ತಾಗುತ್ತದೆ.

ಡಾಕರ್ ಇಮೇಜ್‌ಗಳಲ್ಲಿ ಹೋಸ್ಟ್‌ನ ಅಪ್‌ಡೇಟ್‌ನಿಂದ ಏನೂ ಆಗದು. ಇಮೇಜನ್ನು ‘--ಪುಲ್ --ನೋ-ಕ್ಯಾಶ್’ ಹಾಕಿ ಮತ್ತೆ ಬಿಲ್ಡ್ ಮಾಡಿ, ಇಲ್ಲವಾದರೆ ಹಳೆಯ ಆಪ್ಟ್ ಪದರವನ್ನೇ ಅದು ಮತ್ತೆ ಬಳಸುತ್ತದೆ. ಇನ್ನೂ ಒಳ್ಳೆಯದು, ಪ್ರೊಡಕ್ಷನ್ ಇಮೇಜ್‌ನಿಂದ ವಿಮ್ ತೆಗೆದುಬಿಡಿ. ಅಲ್ಲಿ ಕೂತು ಫೈಲ್ ತಿದ್ದುವ ಅಗತ್ಯ ಬರಬಾರದು.

ಪ್ಯಾಚ್ ಬರುವವರೆಗೆ

ಡೆಬಿಯನ್ ಮತ್ತು ಉಬುಂಟು ಮೋಡ್‌ಲೈನನ್ನು 2019ಕ್ಕೂ ಮುಂಚಿನಿಂದಲೇ ಮುಚ್ಚಿಟ್ಟಿವೆ. ಆದ್ದರಿಂದ 2019ರ ದೋಷ ಈ ಎರಡರಲ್ಲಿ ಸೆಟ್ಟಿಂಗ್ ಬದಲಿಸದವರನ್ನು ತಟ್ಟಲಿಲ್ಲ. ಆದರೆ ಎಲ್ಲಿಂದಲೋ ನಕಲು ಮಾಡಿದ .ವಿಮ್‌ಆರ್‌ಸಿ ಫೈಲಿನಲ್ಲಿ ‘ಸೆಟ್ ಮೋಡ್‌ಲೈನ್’ ಇದ್ದರೆ ಆ ಬಾಗಿಲು ಮತ್ತೆ ತೆರೆಯುತ್ತದೆ. ವಿಮ್ ಒಳಗೆ ‘:ವರ್ಬೋಸ್ ಸೆಟ್ ಮೋಡ್‌ಲೈನ್?’ ಕೊಡಿ. ಉತ್ತರ ‘ನೋಮೋಡ್‌ಲೈನ್’ ಎಂದು ಬಂದು ಕೆಳಗೆ ಡೆಬಿಯನ್.ವಿಮ್ ಫೈಲಿನ ಹೆಸರಿದ್ದರೆ ಸರಿ. ಉತ್ತರ ‘ಮೋಡ್‌ಲೈನ್’ ಎಂದಿದ್ದು ನಿಮ್ಮ .ವಿಮ್‌ಆರ್‌ಸಿ ಹೆಸರು ಬಂದರೆ ಆ ಸಾಲನ್ನು ತೆಗೆಯಿರಿ. ಗುರುತಿಲ್ಲದ ಕಡೆಯಿಂದ ಬಂದ ಫೈಲನ್ನು ನೋಡಲು ‘ಕ್ಯಾಟ್ -ವಿ’ ಸಾಕು, ಎಡಿಟರ್ ಬೇಡ. ಸಿಸ್ಟಂ ಫೈಲ್ ತಿದ್ದುವಾಗ ‘ಸುಡೊ ವಿಮ್’ ಬದಲು ‘ಸುಡೊಎಡಿಟ್’ ಬಳಸಿ. ಆಗ ಎಡಿಟರ್ ಓಡುವುದು ನಿಮ್ಮ ಲಾಗಿನ್‌ನಲ್ಲಿ, ರೂಟ್ ಆಗಿ ಅಲ್ಲ.

ಮುಂದಿನ ಪ್ಯಾಚ್ ತಾನಾಗಿ ಬರಲು ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಚಾಲೂ ಇರಬೇಕು. /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ ಒಳಗಿನ 20ಆಟೊ-ಅಪ್‌ಗ್ರೇಡ್ಸ್ ಫೈಲಿನ ಎರಡೂ ಸಾಲಿನಲ್ಲಿ 1 ಇದೆಯೇ ನೋಡಿ. 0 ಇದ್ದರೆ ಅದು ಸುಮ್ಮನೆ ಕೂತಿದೆ. ಚಾಲೂ ಇದ್ದೂ ವಿಮ್ ಬದಲಾಗದಿದ್ದರೆ ‘ಸುಡೊ ಅನ್‌ಅಟೆಂಡೆಡ್-ಅಪ್‌ಗ್ರೇಡ್ --ಡ್ರೈ-ರನ್ --ಡೀಬಗ್’ ಓಡಿಸಿ. ಪ್ರತಿ ಪ್ಯಾಕೇಜನ್ನು ಯಾಕೆ ಬಿಟ್ಟಿತು ಎಂದು ಸಾಲುಸಾಲಾಗಿ ಹೇಳುತ್ತದೆ. ನಿಜಕ್ಕೂ ಯಾವ ದಿನ, ಯಾವ ಆವೃತ್ತಿಯಿಂದ ಯಾವುದಕ್ಕೆ ಏರಿತು ಎಂಬ ದಾಖಲೆ /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್ ಫೈಲಿನಲ್ಲಿರುತ್ತದೆ. ಆಡಿಟ್‌ಗೆ ಪುರಾವೆ ಬೇಕಾದಾಗ ಆ ಸಾಲನ್ನು ‘ಡಿಪಿಕೆಜಿ -ಎಲ್’ ಉತ್ತರದ ಜತೆ ಲಗತ್ತಿಸಿ ಕಳಿಸಿ.